ಮೂಳೆ ಬೇಯಿಸಿದ ಹಣದಲ್ಲಿ ವಿದ್ಯಾಲಯ ಕಟ್ಟಿದ ಪೀಟರ್ ಕೂಪರ್

ಮಕ್ಕಳು ಚಪ್ಪರಿಸುವ ಮಾರ್ಷ್‌ಮ್ಯಾಲೋ, ಔಷಧ ಅಂಗಡಿಯಲ್ಲಿ ದೊರೆಯುವ ಮೀನೆಣ್ಣೆಯ ಗುಳಿಗೆ, ಅಶ್ವಗಂಧದ ಪುಡಿಯನ್ನು ತುಂಬಿಕೊಳ್ಳಲೆಂದು ಕೆಲವರು ಮನೆಗೆ ತರುವ ಖಾಲಿ ಕ್ಯಾಪ್ಸೂಲು. ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರರ ಹಿಂದೆಯೂ ಬಹುಪಾಲು ಇರುವುದು ಒಂದೇ ವಸ್ತು. ಅದು ಜೆಲಟಿನ್. ಪ್ರಾಣಿಗಳ ಮೂಳೆ, ತೊಗಲು ಹಾಗೂ ನರಗಳನ್ನು ನೀರಿನಲ್ಲಿ ಬೇಯಿಸಿ ತೆಗೆಯುವ ಸತ್ವ. ಕಸಾಯಿಖಾನೆಯ ಹಿತ್ತಲಿನಲ್ಲಿ ಕೊಳೆಯುವ ಪದಾರ್ಥದಿಂದ ಬರುವ ಈ ಸತ್ವಕ್ಕೆ ಸಕ್ಕರೆ ಮೊದಲಾದುವನ್ನು ಸೇರಿಸಿ, ಬಿಸಿನೀರು ಬೆರೆಸಿದರೆ ಸಾಕು ಎನ್ನುವಂಥ ಸಿದ್ಧ ತಿನಿಸಾಗಿ ರೂಪಿಸಿ 1845ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಪೀಟರ್ ಕೂಪರ್.

ವಿಚಿತ್ರವೆಂದರೆ, ಮುಂದೆ ದೇಶ ದೇಶಗಳ ಊಟದ ಮೇಜನ್ನು ತಲುಪಿದ ಈ ತಿನಿಸಿನಿಂದ ಕೂಪರ್ ಅವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ. ಅವರ ಸಂಪತ್ತಿಗೆ ತಳಪಾಯವಾದದ್ದು ಅದೇ ಮೂಳೆ, ತೊಗಲುಗಳಿಂದ ತಯಾರಾದ ಅಂಟು. ಆ ಸಂಪತ್ತಿನಿಂದ ಅವರು ನ್ಯೂಯಾರ್ಕ್ ನಗರದ ದುಡಿಯುವ ವರ್ಗದ ಹುಡುಗ ಹುಡುಗಿಯರಿಗಾಗಿ ಶುಲ್ಕವಿಲ್ಲದ ವಿದ್ಯಾಲಯವೊಂದನ್ನು ಕಟ್ಟಿದರು. ಶಾಲೆಯಲ್ಲಿ ಒಂದು ವರ್ಷವನ್ನೂ ಪೂರ್ತಿಯಾಗಿ ಕಳೆಯದ ಮನುಷ್ಯ ಮಾಡಿದ ಕೆಲಸವಿದು.

ಟೋಪಿ ಮಾಡುವವನ ಮಗ

ಪೀಟರ್ ಕೂಪರ್ ಜನಿಸಿದ್ದು 1791ರ ಫೆಬ್ರುವರಿ 12ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಕೂಪರ್ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಸೈನಿಕನಾಗಿದ್ದವನು. ಯುದ್ಧ ಮುಗಿದ ಮೇಲೆ ಟೋಪಿ ತಯಾರಿಸುವ ವೃತ್ತಿ ಹಿಡಿದ. ಅದು ಕೈಹತ್ತಲಿಲ್ಲ. ಅಂಗಡಿ, ಮದ್ಯ ತಯಾರಿಕೆ, ಇಟ್ಟಿಗೆ ಸುಡುವಿಕೆ ಎಂದು ಒಂದರಿಂದ ಇನ್ನೊಂದಕ್ಕೆ ಹಾರಿದ ತಂದೆಯ ಹಿಂದೆ ಕುಟುಂಬವೂ ಊರಿಂದೂರಿಗೆ ಅಲೆಯಿತು. ಮಕ್ಕಳಿಗೆ ಶಾಲೆಯೆಂಬುದು ದೂರದ ಮಾತಾಯಿತು.

ಬಾಲಕ ಪೀಟರ್‌ಗೆ ದೊರೆತ ಶಾಲಾ ಶಿಕ್ಷಣ ಒಟ್ಟಾರೆ ಒಂದು ವರ್ಷಕ್ಕೂ ಕಡಿಮೆ. ಉಳಿದ ಹೊತ್ತೆಲ್ಲ ತಂದೆಯ ಕೆಲಸಕ್ಕೆ ಕೈಜೋಡಿಸುವುದು. ಟೋಪಿಯ ಉಣ್ಣೆಗಾಗಿ ಮೊಲದ ಚರ್ಮದಿಂದ ಕೂದಲು ಕೀಳುವುದು ಅವನ ಮೊದಲ ಕೆಲಸಗಳಲ್ಲೊಂದು. ಕೈ ಮಾತ್ರ ಚುರುಕು. ಹಳೆಯ ಪಾದರಕ್ಷೆಯೊಂದನ್ನು ಬಿಚ್ಚಿ ನೋಡಿ, ಅದರ ಅಳತೆಯಲ್ಲೇ ಮನೆಮಂದಿಗೆ ಪಾದರಕ್ಷೆ ಹೊಲಿದ. ತಾಯಿಯ ಕಷ್ಟ ನೋಡಲಾರದೆ ಬಟ್ಟೆ ಒಗೆಯುವ ಸಲಕರಣೆಯೊಂದನ್ನು ತಾನೇ ಜೋಡಿಸಿಕೊಟ್ಟ.

ಹದಿನೇಳನೇ ವಯಸ್ಸಿಗೆ ನ್ಯೂಯಾರ್ಕಿನ ಸಾರೋಟು ತಯಾರಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಊಟ, ವಸತಿಯ ಜೊತೆಗೆ ವರ್ಷಕ್ಕೆ 25 ಡಾಲರ್ ಕೈಗೆ. ಹಗಲೆಲ್ಲ ದುಡಿದು ರಾತ್ರಿ ಏನಾದರೂ ಕಲಿಯೋಣವೆಂದರೆ, ದುಡಿಯುವ ಹುಡುಗನೊಬ್ಬನಿಗೆ ಸಂಜೆಯ ಹೊತ್ತು ಪಾಠ ಹೇಳುವ ಉಚಿತ ಶಾಲೆ ಅಷ್ಟು ದೊಡ್ಡ ನಗರದಲ್ಲಿ ಒಂದೂ ಇರಲಿಲ್ಲ. ಪುಸ್ತಕ ಕೊಂಡು ತಾನೇ ಓದಲು ಕುಳಿತರೆ ಅರ್ಥವಾಗದ ಕಡೆ ಬಿಡಿಸಿ ಹೇಳುವವರಿಲ್ಲ. ಈ ಕೊರಗು ಅವನಲ್ಲಿ ಆಳವಾಗಿ ಉಳಿಯಿತು. ತಾನು ಎಂದಾದರೂ ಹಣವಂತನಾದರೆ ಇಂಥ ಹುಡುಗರಿಗಾಗಿ ಶಾಲೆ ತೆರೆಯಬೇಕೆಂಬ ಆಸೆ ಹುಟ್ಟಿದ್ದು ಆ ದಿನಗಳಲ್ಲಿ.

ಕಲಿಕೆಯ ಅವಧಿ ಮುಗಿದಾಗ ಯಜಮಾನ, ಸಾಲ ಕೊಡುತ್ತೇನೆ, ಸ್ವಂತ ಸಾರೋಟು ಕಾರ್ಖಾನೆ ಹಾಕು ಎಂದು ಮುಂದೆ ಬಂದ. ಸಾಲವೆಂದರೆ ಕೂಪರ್ ಹೆದರುತ್ತಿದ್ದರು. ತಂದೆಯ ಸಾಲದ ಸಂಕಟವನ್ನು ಕಣ್ಣಾರೆ ಕಂಡಿದ್ದರು. ಯಜಮಾನನ ಕೊಡುಗೆಯನ್ನು ಒಪ್ಪಿಕೊಳ್ಳಲಿಲ್ಲ.

ಮುಂದೆ ಲಾಂಗ್ ಐಲೆಂಡಿನ ಹೆಂಪ್‌ಸ್ಟೆಡ್‌ನಲ್ಲಿ ಬಟ್ಟೆಯ ಜುಂಗು ಕತ್ತರಿಸುವ ಯಂತ್ರಗಳ ತಯಾರಿಕೆಗೆ ಇಳಿದರು. 1812ರಲ್ಲಿ ಬ್ರಿಟನ್ನಿನೊಡನೆ ಯುದ್ಧ ಆರಂಭವಾಗಿ ಆ ದೇಶದ ಬಟ್ಟೆ ಬರುವುದು ನಿಂತಾಗ ಸ್ಥಳೀಯ ಮಗ್ಗಗಳಿಗೆ ಸುಗ್ಗಿ, ಕೂಪರ್ ಯಂತ್ರಗಳಿಗೂ ಸುಗ್ಗಿ. ಕೈಸೇರಿದ ಮೊದಲ ದೊಡ್ಡ ಮೊತ್ತ ತಂದೆಯ ಸಾಲ ತೀರಿಸಲು ಹೋಯಿತು. 1813ರ ಡಿಸೆಂಬರ್‌ನಲ್ಲಿ ಸಾರಾ ಬೆಡೆಲ್ ಅವರನ್ನು ವರಿಸಿದರು. ದಂಪತಿಗೆ ಆರು ಮಕ್ಕಳು. ಉಳಿದವರು ಇಬ್ಬರೇ. ಮಗ ಎಡ್ವರ್ಡ್ ಮತ್ತು ಮಗಳು ಸಾರಾ ಅಮೇಲಿಯಾ. ಮಗುವನ್ನು ತಾನೇ ತೂಗುತ್ತ, ನೊಣ ಓಡಿಸುತ್ತ, ಸಂಗೀತವನ್ನೂ ನುಡಿಸುವ ತೊಟ್ಟಿಲೊಂದನ್ನು ಕೂಪರ್ ರೂಪಿಸಿ 1815ರಲ್ಲಿ ಪೇಟೆಂಟ್ ಪಡೆದದ್ದು ಈ ಸಂಸಾರದ ನಡುವೆಯೇ.

ಶಾಂತಿ ಒಪ್ಪಂದವಾಗಿ ಬ್ರಿಟಿಷ್ ಬಟ್ಟೆ ಮತ್ತೆ ಹರಿದುಬಂದಾಗ ಯಂತ್ರದ ವ್ಯಾಪಾರ ಕುಸಿಯಿತು. ಕೂಪರ್ ಪೀಠೋಪಕರಣ ಮಾಡಿದರು, ನ್ಯೂಯಾರ್ಕಿಗೆ ಮರಳಿ ದಿನಸಿ ಅಂಗಡಿ ಇಟ್ಟರು. ಮೂವತ್ತರ ಅಂಚಿಗೆ ಬಂದರೂ ಯಾವುದೊಂದೂ ನೆಲೆ ಎನಿಸಲಿಲ್ಲ.

ನಾರುವ ಕಾರ್ಖಾನೆ

1821ರಲ್ಲಿ ನ್ಯೂಯಾರ್ಕಿನ ಕಿಪ್ಸ್ ಬೇ ಪ್ರದೇಶದಲ್ಲಿ ಅಂಟಿನ ಕಾರ್ಖಾನೆಯೊಂದು ಮಾರಾಟಕ್ಕೆ ಬಂದಿತು. ಸನ್‌ಫಿಶ್ ಎಂಬ ಕೆರೆಯ ದಡದಲ್ಲಿತ್ತು. ಸಮೀಪದಲ್ಲೇ ಕಸಾಯಿಖಾನೆಗಳು. ಬೆಲೆ 2,000 ಡಾಲರ್. ಅಂಟು ತಯಾರಿಕೆಯಲ್ಲಿ ಯಾವ ಅನುಭವವೂ ಇಲ್ಲದ ಕೂಪರ್ ಅದನ್ನು ಕೊಂಡುಕೊಂಡರು.

ಅಂದಿನ ಅಮೆರಿಕದಲ್ಲಿ ಒಳ್ಳೆಯ ಅಂಟು ಹೊರದೇಶಗಳಿಂದ ಬರಬೇಕಿತ್ತು. ಬಡಗಿಗಳು, ಪುಸ್ತಕ ಕಟ್ಟುವವರು, ಬಣ್ಣ ತಯಾರಕರು, ಟೋಪಿ ಮಾಡುವವರು ಎಲ್ಲರಿಗೂ ಅದು ಬೇಕು. ಸ್ಥಳೀಯ ಅಂಟು ಕಪ್ಪಗೆ, ದುರ್ಬಲವಾಗಿ, ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಆ ಏರುಪೇರನ್ನು ನಿವಾರಿಸುವುದೇ ಕೂಪರ್ ಹಿಡಿದ ದಾರಿ.

ಅಂಟಿನ ಮರ್ಮ ಕೊಲಾಜೆನ್ ಎಂಬ ಪ್ರೋಟೀನಿನಲ್ಲಿದೆ. ಪ್ರಾಣಿಯ ಚರ್ಮ, ಮೂಳೆ, ನರಗಳಿಗೆ ಬಿಗಿ ಕೊಡುವುದು ಇದೇ. ಮೂರು ಎಳೆಗಳನ್ನು ಹೊಸೆದ ಹಗ್ಗದಂಥ ರಚನೆ ಇದರದು. ನೀರಿನಲ್ಲಿ ಹದವಾಗಿ ಕಾಯಿಸಿದಾಗ ಹೊಸೆತ ಬಿಚ್ಚಿಕೊಂಡು ಎಳೆಗಳು ನೀರಿಗಿಳಿಯುತ್ತವೆ. ಆ ದ್ರವ ತಣಿದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ನೀರನ್ನು ತಮ್ಮೊಳಗೆ ಸೆರೆಹಿಡಿಯುತ್ತವೆ. ಅದೇ ಜೆಲ್ಲಿ. ಒಣಗಿಸಿದರೆ ಗಟ್ಟಿ ಹಾಳೆ. ಶುದ್ಧವಾಗಿ, ತಿಳಿಯಾಗಿ ತೆಗೆದರೆ ಜೆಲಟಿನ್, ಒರಟಾಗಿ ತೆಗೆದರೆ ಅಂಟು. ಎರಡರ ನಡುವಿನ ಅಂತರವೆಲ್ಲ ಕಚ್ಚಾವಸ್ತುವಿನ ಆಯ್ಕೆ, ತೊಳೆಯುವಿಕೆ, ಬೆಂಕಿಯ ಹದ ಮತ್ತು ಸೋಸುವಿಕೆಯಲ್ಲಿದೆ. ಬೆಂಕಿ ಹೆಚ್ಚಾದರೆ ಎಳೆಗಳು ತುಂಡಾಗಿ ಅಂಟಿನ ಬಲವೇ ಹೋಗುತ್ತದೆ.

ಕೊಲಾಜೆನ್ನಿನ ಈ ರಚನೆ ತಿಳಿದದ್ದು ಇಪ್ಪತ್ತನೇ ಶತಮಾನದಲ್ಲಿ. ಕೂಪರ್‌ಗೆ ಗೊತ್ತಿದ್ದದ್ದು ಕಡಾಯಿಯ ವರ್ತನೆ ಮಾತ್ರ. ಆದರೆ ಅದನ್ನು ಅವರು ಬಿಡದೆ ಗಮನಿಸಿದರು. ಬೆಳಕು ಹರಿಯುವ ಮೊದಲೇ ಕಾರ್ಖಾನೆಗೆ ಬಂದು ತಾವೇ ಒಲೆ ಹೊತ್ತಿಸುತ್ತಿದ್ದರು. ಮಧ್ಯಾಹ್ನದವರೆಗೆ ಕಡಾಯಿಯ ಪಕ್ಕದಲ್ಲಿ. ಆ ಬಳಿಕ ಬಂಡಿ ಹೂಡಿಕೊಂಡು ನಗರದೊಳಗೆ ಹೋಗಿ ಮಾಲು ಮಾರುವುದು. ಸಂಜೆ ಮನೆಯಲ್ಲಿ ಲೆಕ್ಕ ಬರೆದು, ಪತ್ರಗಳಿಗೆ ಉತ್ತರಿಸಿ, ಮನೆಯವರಿಗೆ ಓದಿ ಹೇಳುವುದು. ವರ್ಷಗಟ್ಟಲೆ ಗುಮಾಸ್ತರಾಗಲಿ ಮಾರಾಟಗಾರರಾಗಲಿ ಇರಲಿಲ್ಲ.

ಎರಡು ವರ್ಷಗಳಲ್ಲಿ ಕಾರ್ಖಾನೆ 10,000 ಡಾಲರ್ ಲಾಭ ತಂದಿತು. ಅಂಟಿನ ಜೊತೆಗೆ ಜೆಲಟಿನ್ ಹಾಗೂ ಐಸಿಂಗ್ಲಾಸನ್ನೂ ಕೂಪರ್ ತಯಾರಿಸತೊಡಗಿದರು. ಐಸಿಂಗ್ಲಾಸ್ ಎಂಬುದು ಮೂಲತಃ ಮೀನಿನ ಗಾಳಿಚೀಲದಿಂದ ತೆಗೆಯುವ ಶುದ್ಧ ಸತ್ವ. ಅದು ರಷ್ಯಾದಿಂದ ದುಬಾರಿ ಬೆಲೆಗೆ ಬರುತ್ತಿತ್ತು. ಅಂಟನ್ನು ಬಲಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ ಮಾರುವ ಕ್ರಮವನ್ನೂ ಅವರು ತಂದರು. ಕೂಪರ್ ದರ್ಜೆಗಳೆಂಬ ಆ ಅಳತೆಗೋಲನ್ನು ಅಮೆರಿಕದ ಅಂಟಿನ ವ್ಯಾಪಾರ ಬಹುಕಾಲ ಬಳಸಿತು.

ಈ ಏಳಿಗೆಗೆ ಒಂದು ಕಪ್ಪು ಮುಖವೂ ಇತ್ತು. ಕಾರ್ಖಾನೆಯ ಕೊಳಕು ನೀರು ಸೇರುತ್ತಿದ್ದುದು ಸನ್‌ಫಿಶ್ ಕೆರೆಗೆ. ಕೆರೆ ಎಷ್ಟು ಕೆಟ್ಟಿತೆಂದರೆ 1839ರಲ್ಲಿ ಅದನ್ನು ಬತ್ತಿಸಿ ಮಣ್ಣು ತುಂಬಬೇಕಾಯಿತು. ನಗರಸಭೆಯಲ್ಲಿ ಕುಳಿತು ನ್ಯೂಯಾರ್ಕಿಗೆ ದೂರದ ಕ್ರೋಟನ್ ನದಿಯ ಶುದ್ಧ ನೀರು ಬರಲೆಂದು ದುಡಿದವರಲ್ಲಿ ಇದೇ ಕೂಪರ್ ಒಬ್ಬರು. 1842ರಲ್ಲಿ ಆ ನೀರು ನಗರಕ್ಕೆ ಹರಿಯಿತು. ಒಂದು ಕೆರೆಯನ್ನು ಕಳೆದವರೂ ಅವರೇ, ಊರಿಗೆ ನೀರು ತರಲು ನೆರವಾದವರೂ ಅವರೇ. ಅವರ ಬದುಕಿನ ಲೆಕ್ಕದಲ್ಲಿ ಎರಡನ್ನೂ ಬರೆಯಬೇಕಾಗುತ್ತದೆ.

ಉಗಿಬಂಡಿ ಮತ್ತು ಕುದುರೆ

ಅಂಟಿನಿಂದ ಬಂದ ಹಣದಲ್ಲಿ ಕೂಪರ್ 1828ರಲ್ಲಿ ಬಾಲ್ಟಿಮೋರ್ ಬಳಿ ಸುಮಾರು 3,000 ಎಕರೆ ಭೂಮಿಯಲ್ಲಿ ಹೂಡಿಕೆ ಮಾಡಿದರು. ಬಾಲ್ಟಿಮೋರ್ ಅಂಡ್ ಓಹಿಯೋ ರೈಲುಮಾರ್ಗ ಬಂದರೆ ಭೂಮಿಯ ಬೆಲೆ ಏರುತ್ತದೆಂಬ ಎಣಿಕೆ. ಆದರೆ ಗುಡ್ಡಗಾಡಿನ ತಿರುವುಗಳಲ್ಲಿ ಉಗಿಯಂತ್ರ ಓಡಲಾರದೆಂಬ ಅನುಮಾನದಿಂದ ರೈಲು ಕಂಪನಿಯೇ ತತ್ತರಿಸುತ್ತಿತ್ತು. ಬಂಡಿಗಳನ್ನು ಎಳೆಯುತ್ತಿದ್ದುದು ಕುದುರೆಗಳು.

ಕೂಪರ್ ಕೈಗೆ ಸಿಕ್ಕ ಸಾಮಾನಿನಿಂದಲೇ ಪುಟ್ಟ ಉಗಿಬಂಡಿಯೊಂದನ್ನು ಜೋಡಿಸಿದರು. ಬಾಯ್ಲರಿನ ಕೊಳವೆಗಳಾಗಿ ಬಂದೂಕಿನ ನಳಿಗೆಗಳನ್ನು ಬಳಸಿದರು! ಟಾಮ್ ಥಂಬ್ ಎಂದು ಹೆಸರಾದ ಈ ಬಂಡಿ 1830ರಲ್ಲಿ ಕಂಪನಿಯ ನಿರ್ದೇಶಕರನ್ನು ಹೊತ್ತು ಬಾಲ್ಟಿಮೋರ್‌ನಿಂದ ಎಲಿಕಾಟ್ಸ್ ಮಿಲ್ಸ್‌ವರೆಗಿನ 13 ಮೈಲಿ ದಾರಿಯನ್ನು ಕ್ರಮಿಸಿತು. ಹಿಂದಿರುಗುವಾಗ ಕುದುರೆಯೊಂದರ ಜೊತೆ ಪಂದ್ಯ ನಡೆಯಿತೆಂಬ ಕಥೆ ಅಮೆರಿಕದಲ್ಲಿ ಇಂದಿಗೂ ಪ್ರಸಿದ್ಧ. ಮುಂದಿದ್ದ ಯಂತ್ರ, ಗಾಳಿ ಊದುವ ಚಕ್ರದ ಪಟ್ಟಿ ಕಳಚಿದ್ದರಿಂದ ಸೋತಿತಂತೆ. ಪಂದ್ಯ ಕುದುರೆಯದಾದರೂ ರೈಲು ಕಂಪನಿಗೆ ಉಗಿಯ ಮೇಲೆ ನಂಬಿಕೆ ಹುಟ್ಟಿತು. ಕೂಪರ್ ತಮ್ಮ ಭೂಮಿಯನ್ನು ಮಾರಿ, ಹಣದ ಬದಲಿಗೆ ಅದೇ ರೈಲು ಕಂಪನಿಯ ಷೇರುಗಳನ್ನು ಪಡೆದು, ಬೆಲೆ ಏರಿದಾಗ ದೊಡ್ಡ ಲಾಭ ಗಳಿಸಿದರು.

ಮುಂದೆ ಕಬ್ಬಿಣದ ಉದ್ಯಮವೂ ಸೇರಿಕೊಂಡಿತು. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ತೆರೆದ ಕಾರ್ಖಾನೆಯನ್ನು ಮಗ ಎಡ್ವರ್ಡ್ ಮತ್ತು ಮುಂದೆ ಅಳಿಯನಾದ ಏಬ್ರಮ್ ಹೀವಿಟ್ ನಡೆಸಿದರು. ಕಟ್ಟಡಗಳಿಗೆ ಬೇಕಾದ ಕಬ್ಬಿಣದ ತೊಲೆಗಳು ಅಲ್ಲಿ ತಯಾರಾದವು. ಈ ಇಬ್ಬರೂ ಮುಂದೆ ನ್ಯೂಯಾರ್ಕ್ ನಗರದ ಮೇಯರ್ ಹುದ್ದೆಗೇರಿದವರು. 1854ರಲ್ಲಿ ನೆರೆಯ ಸೈರಸ್ ಫೀಲ್ಡ್ ಅಟ್ಲಾಂಟಿಕ್ ಸಾಗರದಡಿ ತಂತಿ ಹಾಸುವ ಯೋಜನೆ ತಂದಾಗ, ಅದರ ಕಂಪನಿಯ ಅಧ್ಯಕ್ಷತೆ ವಹಿಸಿದವರು ಕೂಪರ್. 1858ರಲ್ಲಿ ಹಾಸಿದ ತಂತಿ ಕೆಲವೇ ವಾರಗಳಲ್ಲಿ ಸತ್ತಿತು. ಜನ ನಕ್ಕರು. ಹಣ ಹಾಕಿದವರು ಹಿಂಜರಿದರು. ಕೂಪರ್ ಕೈಬಿಡಲಿಲ್ಲ. 1866ರಲ್ಲಿ ಯೋಜನೆ ಫಲಿಸಿತು.

ಮಾರಾಟವಾಗದ ಜೆಲ್ಲಿ

ಈ ದೊಡ್ಡ ಉದ್ಯಮಗಳ ನಡುವೆ 1845ರ ಜೆಲಟಿನ್ ಪೇಟೆಂಟ್ ಒಂದು ಸಣ್ಣ ಘಟನೆ. ಅದರ ಕ್ರಮಸಂಖ್ಯೆ 4084. ಅಲ್ಲಿಯವರೆಗೆ ಊಟದ ಮೇಜಿಗೆ ಜೆಲ್ಲಿ ಬರಬೇಕಾದರೆ ಅಡುಗೆಮನೆಯಲ್ಲಿ ಇಡೀ ದಿನದ ಕೆಲಸ. ಕರುವಿನ ಕಾಲುಗಳನ್ನು ತೊಳೆದು, ಗಂಟೆಗಟ್ಟಲೆ ಬೇಯಿಸಿ, ಮೇಲೆ ತೇಲುವ ಕೊಬ್ಬು ತೆಗೆದು, ಮೊಟ್ಟೆಯ ಬಿಳಿಭಾಗ ಹಾಕಿ ತಿಳಿಗೊಳಿಸಿ, ಬಟ್ಟೆಯಲ್ಲಿ ಸೋಸಿ, ಕೊನೆಗೆ ಸಕ್ಕರೆ, ಹುಳಿ ಬೆರೆಸಿ ತಣಿಯಲು ಇಡಬೇಕು. ಆಳುಕಾಳುಗಳಿದ್ದ ಶ್ರೀಮಂತರ ಮನೆಯಲ್ಲಷ್ಟೇ ಸಾಧ್ಯವಾದ ತಿನಿಸು ಅದು. ಈ ಶ್ರಮವನ್ನೆಲ್ಲ ಕಾರ್ಖಾನೆಯಲ್ಲೇ ಮುಗಿಸಿ, ಬೇಕಾದ ಸಾಮಗ್ರಿಗಳನ್ನೂ ಸೇರಿಸಿ, ಗೃಹಿಣಿಗೆ ಬಿಸಿನೀರು ಬೆರೆಸುವ ಕೆಲಸ ಮಾತ್ರ ಉಳಿಸುವುದು ಕೂಪರ್ ಅವರ ಯೋಚನೆ.

ಯೋಚನೆ ಕಾಲಕ್ಕಿಂತ ಬಹಳ ಮುಂದಿತ್ತು. ಜೆಲ್ಲಿ ಗಟ್ಟಿಯಾಗಲು ತಂಪು ಬೇಕು. ಅಂದಿನ ಸಾಮಾನ್ಯ ಮನೆಗಳಲ್ಲಿ ಬೇಸಿಗೆಯಲ್ಲಿ ತಂಪು ಸುಲಭವಾಗಿರಲಿಲ್ಲ. ಸಿದ್ಧ ಆಹಾರದ ಪೊಟ್ಟಣ ಕೊಳ್ಳುವ ಅಭ್ಯಾಸವೂ ಜನರಿಗೆ ಇನ್ನೂ ಬಂದಿರಲಿಲ್ಲ. ಅದೇ ಹೊತ್ತಿಗೆ ಕಬ್ಬಿಣದ ಕಾರ್ಖಾನೆಯ ಕೆಲಸವೂ ಮೇಲೆ ಬಿದ್ದಿತ್ತು. ಕೂಪರ್ ಜೆಲ್ಲಿಯನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಲಿಲ್ಲ. ಪೇಟೆಂಟ್ ಅವಧಿ ಮುಗಿದುಹೋಯಿತು.

ಜೆಲಟಿನ್ ಬಗ್ಗೆ ಆ ಕಾಲದಲ್ಲಿ ದೊಡ್ಡ ಆಸೆಗಳೂ, ದೊಡ್ಡ ನಿರಾಸೆಗಳೂ ಇದ್ದವು. ಅಗ್ಗದ ಮೂಳೆಯಿಂದ ಬಡವರ ಹೊಟ್ಟೆ ತುಂಬಿಸಬಹುದೆಂದು ಫ್ರಾನ್ಸಿನಲ್ಲಿ ಆಸ್ಪತ್ರೆ, ಅನಾಥಾಲಯಗಳಲ್ಲಿ ಮೂಳೆಯ ಸಾರು ಬಡಿಸಿದ್ದರು. ಅದನ್ನು ಪರೀಕ್ಷಿಸಲು ನೇಮಿಸಿದ, ಶರೀರವಿಜ್ಞಾನಿ ಫ್ರಾಂಸ್ವಾ ಮಜೆಂಡಿ ನೇತೃತ್ವದ ಸಮಿತಿ, ಜೆಲಟಿನ್ ಒಂದನ್ನೇ ನಂಬಿ ಪ್ರಾಣಿ ಬದುಕಲಾರದೆಂದು 1841ರಲ್ಲಿ ತಿಳಿಸಿತು. ಕಾರಣ ಈಗ ಸ್ಪಷ್ಟವಾಗಿದೆ. ದೇಹಕ್ಕೆ ಅತ್ಯಗತ್ಯವಾದ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಜೆಲಟಿನ್‌ನಲ್ಲಿ ಇಲ್ಲ. ಅದು ಪ್ರೋಟೀನ್ ಹೌದು, ಪರಿಪೂರ್ಣ ಪ್ರೋಟೀನ್ ಅಲ್ಲ.

ರಾತ್ರಿ ಹತ್ತರವರೆಗೆ ತೆರೆದ ಬಾಗಿಲು

ಅರವತ್ತು ದಾಟಿದ ಕೂಪರ್ ಅವರಿಗೆ ಹಳೆಯ ಆಸೆಯನ್ನು ಈಡೇರಿಸುವ ಕಾಲ ಬಂದಿತ್ತು. ಪ್ಯಾರಿಸ್ಸಿನ ತಾಂತ್ರಿಕ ವಿದ್ಯಾಲಯವೊಂದರಲ್ಲಿ ಬಡ ಯುವಕರು ಒಣ ರೊಟ್ಟಿ ತಿಂದುಕೊಂಡು ವಿಜ್ಞಾನ ಕಲಿಯುವುದನ್ನು ಕಂಡುಬಂದ ಪರಿಚಿತರೊಬ್ಬರ ಮಾತು ಅವರ ಮನಸ್ಸಿನಲ್ಲಿ ಹಿಂದೆಯೇ ಬೇರೂರಿತ್ತು. 1853ರಲ್ಲಿ ನ್ಯೂಯಾರ್ಕಿನಲ್ಲಿ ಶಂಕುಸ್ಥಾಪನೆಯಾಯಿತು. ಟ್ರೆಂಟನ್ನಿನ ಕಬ್ಬಿಣದ ತೊಲೆಗಳು ಕಟ್ಟಡಕ್ಕೆ ಬಂದವು. ವೆಚ್ಚ ಎಣಿಕೆ ಮೀರಿ 6 ಲಕ್ಷ ಡಾಲರ್ ದಾಟಿತು. ಕಟ್ಟಡದ ನಡುವೆ ಮೇಲಿನಿಂದ ಕೆಳಗಿನವರೆಗೆ ದುಂಡನೆಯ ಟೊಳ್ಳೊಂದನ್ನು ಬಿಡಬೇಕೆಂದು ಕೂಪರ್ ಹಟ ಹಿಡಿದರು. ಜನರನ್ನು ಹೊತ್ತೊಯ್ಯುವ ಲಿಫ್ಟ್ ಇನ್ನೂ ಬಳಕೆಗೆ ಬಂದಿರದಿದ್ದ ದಿನಗಳವು. ಅಂಥದೊಂದು ಬಂದೇ ಬರುತ್ತದೆ, ಬಂದಾಗ ಕಟ್ಟಡ ಒಡೆಯುವಂತಾಗಬಾರದು ಎಂಬುದು ಅವರ ಲೆಕ್ಕ. ಮುಂದೆ ಲಿಫ್ಟ್ ಬಂದಿತು. ಆದರೆ ಜಗತ್ತಿನ ಲಿಫ್ಟುಗಳೆಲ್ಲ ಚೌಕಾಕಾರದಲ್ಲಿದ್ದವು!

1859ರಲ್ಲಿ ಕೂಪರ್ ಯೂನಿಯನ್ ತೆರೆಯಿತು. ರಾತ್ರಿ ಪಾಠಗಳಿಗೆ ಶುಲ್ಕವಿರಲಿಲ್ಲ. ಗಣಿತ, ರಸಾಯನಶಾಸ್ತ್ರ, ಯಂತ್ರರಚನೆಯ ನಕಾಶೆ, ಚಿತ್ರಕಲೆ. ಹಗಲು ದುಡಿಯುವವರು ಸಂಜೆ ಬಂದು ಕಲಿಯಬಹುದಿತ್ತು. ಮಹಿಳೆಯರಿಗೆ ವಿನ್ಯಾಸಕಲೆಯ ಪ್ರತ್ಯೇಕ ಶಾಲೆ. ಧರ್ಮ, ಬಣ್ಣ, ಹೆಣ್ಣು ಗಂಡೆಂಬ ಭೇದ ಕೂಡದೆಂದು ಕೂಪರ್ ಬಯಸಿದ್ದರು. ಪತ್ರಿಕೆ, ಪುಸ್ತಕಗಳಿದ್ದ ವಾಚನಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತಿತ್ತು. ದುಡಿಮೆ ಮುಗಿಸಿ ಬರುವವನಿಗೆ ಬೇಕಾದದ್ದು ಆ ಹೊತ್ತೇ ಎಂಬುದನ್ನು ಹಿಂದೆ ಸಾರೋಟು ಅಂಗಡಿಯ ಹುಡುಗನಾಗಿದ್ದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ರಸಾಯನಶಾಸ್ತ್ರದ ಪಾಠಕ್ಕೆ ಬಂದವರಲ್ಲಿ ಥಾಮಸ್ ಎಡಿಸನ್ ಕೂಡ ಒಬ್ಬರು.

ನೆಲಮಾಳಿಗೆಯ ಮಹಾಸಭಾಂಗಣ ಇತಿಹಾಸದಲ್ಲಿ ಬೇರೆಯೇ ಸ್ಥಾನ ಪಡೆಯಿತು. 1860ರ ಫೆಬ್ರುವರಿ 27ರಂದು ಅಬ್ರಹಾಂ ಲಿಂಕನ್ ಇಲ್ಲಿ ಮಾಡಿದ ಭಾಷಣ ಅವರನ್ನು ಅಧ್ಯಕ್ಷ ಪದವಿಯ ಹಾದಿಗೆ ತಂದಿತು. ಗುಲಾಮಗಿರಿಯ ವಿರುದ್ಧ, ಮಹಿಳೆಯರ ಮತದಾನದ ಪರವಾಗಿ ಇಲ್ಲಿ ಸಭೆಗಳು ನಡೆದವು. 1909ರಲ್ಲಿ ಉಡುಪು ತಯಾರಿಕೆಯ ಸಾವಿರಾರು ಕಾರ್ಮಿಕ ಮಹಿಳೆಯರ ಮುಷ್ಕರಕ್ಕೆ ನಿರ್ಧಾರವಾದದ್ದೂ ಇಲ್ಲಿಯೇ.

1869ರಲ್ಲಿ ಪತ್ನಿ ಸಾರಾ ತೀರಿಕೊಂಡರು. ಕೂಪರ್ ಸುಮ್ಮನೆ ಕೂರಲಿಲ್ಲ. 1876ರಲ್ಲಿ, 85ನೇ ವಯಸ್ಸಿನಲ್ಲಿ, ಗ್ರೀನ್‌ಬ್ಯಾಕ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಚುನಾವಣೆಗೂ ನಿಂತರು. ಚಿನ್ನಕ್ಕೆ ಕಟ್ಟುಬಿದ್ದ ಹಣದಿಂದ ರೈತರು, ಕಾರ್ಮಿಕರು ಬಳಲುತ್ತಾರೆ, ಸರ್ಕಾರವೇ ಕಾಗದದ ಹಣ ಚಲಾವಣೆಗೆ ತರಬೇಕು ಎಂಬುದು ಅವರ ವಾದ. ದೊರೆತದ್ದು ಸುಮಾರು 81,000 ಮತ. ಒಟ್ಟು ಮತದ ಶೇ 1ರಷ್ಟು. ಸೋಲು ಖಚಿತವೆಂದು ಗೊತ್ತಿದ್ದೇ ನಿಂತ ಚುನಾವಣೆಯದು.

1883ರ ಏಪ್ರಿಲ್ 4ರಂದು, 92ನೇ ವಯಸ್ಸಿನಲ್ಲಿ ಕೂಪರ್ ಕೊನೆಯುಸಿರೆಳೆದರು. ಧ್ವಜಗಳು ಅರ್ಧಕ್ಕೆ ಇಳಿದವು. ಅಂತಿಮ ದರ್ಶನಕ್ಕೆ ಸಾವಿರಾರು ಜನ ಸಾಲುಗಟ್ಟಿದರು. ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರ ನಂತರ

ಕೂಪರ್ ಕೈಬಿಟ್ಟ ಜೆಲ್ಲಿಗೆ ಮರುಹುಟ್ಟು ದೊರೆತದ್ದು 1897ರಲ್ಲಿ. ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಕೆಮ್ಮಿನ ಔಷಧ ತಯಾರಿಸುತ್ತಿದ್ದ ಪರ್ಲ್ ವೇಟ್, ಜೆಲಟಿನ್ ಪುಡಿಗೆ ಹಣ್ಣಿನ ಸ್ವಾದ ಬೆರೆಸಿ ಜೆಲ್‌ಒ ಎಂಬ ಹೆಸರಿನಲ್ಲಿ ಮಾರಹೊರಟರು. ಅವರಿಗೂ ಮಾರಾಟ ಕೈಹಿಡಿಯಲಿಲ್ಲ. 1899ರಲ್ಲಿ ಅದೇ ಊರಿನ ಒರೇಟರ್ ವುಡ್‌ವರ್ಡ್ ಅವರಿಗೆ ಕೇವಲ 450 ಡಾಲರ್‌ಗೆ ಹಕ್ಕು ಮಾರಿದರು. ಜಾಹೀರಾತಿನ ಬಲದಿಂದ ವುಡ್‌ವರ್ಡ್ ಅದನ್ನು ಮನೆಮಾತಾಗಿಸಿದರು. ಕೂಪರ್ ತೀರಿಕೊಂಡು ಆಗಲೇ 16 ವರ್ಷಗಳು ಕಳೆದಿದ್ದವು.

ಜೆಲಟಿನ್ ಔಷಧಕ್ಕೆ ಕಾಲಿಟ್ಟದ್ದು ಮಾತ್ರ ಕೂಪರ್ ಜೀವಿತಕಾಲದಲ್ಲೇ. ಕಹಿ ಔಷಧವನ್ನು ನುಂಗಿಸಲು ಪ್ಯಾರಿಸ್ಸಿನ ಫ್ರಾಂಸ್ವಾ ಮೋತ್ ಜೆಲಟಿನ್ ಗುಳಿಗೆಗೆ 1834ರಲ್ಲಿ ಪೇಟೆಂಟ್ ಪಡೆದಿದ್ದರು. ಒಂದರೊಳಗೊಂದು ಕೂರುವ ಎರಡು ತುಂಡಿನ ಗಟ್ಟಿ ಕವಚ ಬಂದದ್ದು ಅದೇ ದಶಕಗಳಲ್ಲಿ, ಕೂಪರ್ ಪೇಟೆಂಟಿನ ಆಸುಪಾಸಿನಲ್ಲಿ. ಇಂದು ಮನೆಯಲ್ಲೇ ಗಿಡಮೂಲಿಕೆಯ ಪುಡಿ ತುಂಬಿಕೊಳ್ಳುವವರು ಬಳಸುವುದು ಈ ಎರಡು ತುಂಡಿನ ಕವಚವನ್ನೇ. ಬಾಯಿಗೆ ಕಹಿ ತಾಗದಂತೆ ಹೊಟ್ಟೆ ತಲುಪಿ, ಅಲ್ಲಿನ ಬಿಸುಪಿಗೆ ಬೇಗನೆ ಕರಗುವುದು ಅದರ ಗುಣ. ತೇವಾಂಶ ಅದರ ಶತ್ರು. ಸರಿಯಾಗಿ ಒಣಗದ ಪುಡಿ ತುಂಬಿದರೆ ಕವಚ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಒಂದೇ ಅಳತೆಯ ಕವಚದಲ್ಲಿ ನುಣುಪು ಪುಡಿ, ಒರಟು ಪುಡಿ, ಒತ್ತಿ ತುಂಬಿದ ಪುಡಿ ಬೇರೆ ಬೇರೆ ತೂಗುವುದರಿಂದ ಮನೆಯ ಕ್ಯಾಪ್ಸೂಲಿನಲ್ಲಿ ಔಷಧದ ಪ್ರಮಾಣ ಏರುಪೇರಾಗುತ್ತದೆ. ಬೇರೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇಂಥದನ್ನು ನುಂಗುವುದು ಕ್ಷೇಮವಲ್ಲ.

ಕೂದಲು, ಉಗುರು, ಕೀಲುಗಳಿಗೆಂದು ಮಾರುವ ಜೆಲಟಿನ್ ಹಾಗೂ ಕೊಲಾಜೆನ್ ಪುಡಿಗಳ ವಿಷಯದಲ್ಲೂ ಮಜೆಂಡಿ ಸಮಿತಿಯ ಪಾಠ ನೆನಪಿಡಬೇಕಾದದ್ದು. ಹೊಟ್ಟೆಗೆ ಹೋದ ಜೆಲಟಿನ್ ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ಅದು ಹಾಗೆಯೇ ಹೋಗಿ ಮೊಣಕಾಲಿನಲ್ಲಿ ಕೂರುವುದಿಲ್ಲ. ಮಾಂಸಾಹಾರ ಸೇವಿಸದವರಿಗೆ ಕಡಲಪಾಚಿಯಿಂದ ಬರುವ ಚೈನಾ ಗ್ರಾಸ್ ಇದೆ. ಕ್ಯಾಪ್ಸೂಲಿಗೆ ಸಸ್ಯಮೂಲದ ಸೆಲ್ಯುಲೋಸ್ ಕವಚಗಳೂ ಬಂದಿವೆ.

ಇನ್ನು ಕೂಪರ್ ಕಟ್ಟಿದ ವಿದ್ಯಾಲಯ. ದಾನವಾಗಿ ಬಂದ ಆಸ್ತಿ, ಅದರಲ್ಲೂ ಕ್ರೈಸ್ಲರ್ ಕಟ್ಟಡ ನಿಂತಿರುವ ನೆಲದ ಬಾಡಿಗೆ, ಅದಕ್ಕೆ ಆಸರೆಯಾಗಿತ್ತು. ವಾಸ್ತುಶಿಲ್ಪ, ಕಲೆ, ಎಂಜಿನಿಯರಿಂಗ್ ಓದಲು ಆಯ್ಕೆಯಾದವರೆಲ್ಲರಿಗೂ ದಶಕಗಳ ಕಾಲ ಬೋಧನಾ ಶುಲ್ಕದಿಂದ ವಿನಾಯಿತಿ ಇತ್ತು. ಹೊಸ ಕಟ್ಟಡಕ್ಕೆ ಮಾಡಿದ ಭಾರಿ ಸಾಲ ಹಾಗೂ ಆದಾಯ ಮೀರಿದ ಖರ್ಚು ಆ ಪದ್ಧತಿಯನ್ನು ಮುರಿದವು. ಸಾಲಕ್ಕೆ ಅಂಜಿ ಸಾರೋಟು ಕಾರ್ಖಾನೆಯನ್ನೇ ಬೇಡವೆಂದವರ ಹೆಸರಿನ ಸಂಸ್ಥೆಗೆ ಸಾಲವೇ ಮುಳುವಾಯಿತು. ಶುಲ್ಕ ವಿಧಿಸುವ ನಿರ್ಧಾರ 2013ರಲ್ಲಿ ಹೊರಬಿದ್ದಾಗ ವಿದ್ಯಾರ್ಥಿಗಳು ಸಂಸ್ಥೆಯ ಅಧ್ಯಕ್ಷರ ಕಚೇರಿಯಲ್ಲಿಯೇ ಧರಣಿ ಕುಳಿತರು. 2014ರಿಂದ ಹೊಸ ವಿದ್ಯಾರ್ಥಿಗಳು ಶುಲ್ಕ ಕಟ್ಟಬೇಕಾಯಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿ 2015ರಲ್ಲಿ ರಾಜಿಯಾಯಿತು. ಹತ್ತು ವರ್ಷಗಳೊಳಗೆ ಹಂತಹಂತವಾಗಿ ಉಚಿತ ಶಿಕ್ಷಣಕ್ಕೆ ಮರಳುವ ಯೋಜನೆಯನ್ನು ಸಂಸ್ಥೆ 2018ರಲ್ಲಿ ಪ್ರಕಟಿಸಿತು.

ಕಸಾಯಿಖಾನೆಯ ಕಸದಿಂದ ಹಣ ತೆಗೆಯಲು ಕೂಪರ್‌ಗೆ ಎರಡು ವರ್ಷ ಸಾಕಾಗಿತ್ತು. ಆ ಹಣವನ್ನು ಶಾಲೆಯಾಗಿಸಲು ಮೂವತ್ತೆಂಟು ವರ್ಷ ಹಿಡಿಯಿತು. ಆ ಶಾಲೆಯ ಬಾಗಿಲು ಎಲ್ಲ ವಿದ್ಯಾರ್ಥಿಗಳಿಗೂ ಮತ್ತೆ ಶುಲ್ಕವಿಲ್ಲದೆ ತೆರೆಯಬೇಕೆಂದು ಸಂಸ್ಥೆ ತಾನೇ ಹಾಕಿಕೊಂಡ ಗಡುವು 2028.